ಔಷಧಿ ಆಂಟಿಬಾಡಿ ಬೇಡದ ಕಡೆ ಅಂಟಿದರೆ: ದೋಷ ಹುಡುಕುವ ಕೈಪಿಡಿ

ಲಕ್ಷಣಗಳು ಹೀಗಿರುತ್ತವೆ. ಆಂಟಿಬಾಡಿ ತನ್ನ ಗುರಿ ಪ್ರೋಟೀನನ್ನು ಗಟ್ಟಿಯಾಗಿ ಹಿಡಿಯುತ್ತದೆ. ಅಳೆದರೆ ಪಿಕೊಮೋಲಾರ್ ಹಿಡಿತ, ಅಂದರೆ ಅತ್ಯಲ್ಪ ಸಾಂದ್ರತೆಯಲ್ಲೂ ಹಿಡಿಯುವಷ್ಟು ಗಟ್ಟಿ. ಆದರೆ ಗುರಿಯೇ ಇಲ್ಲದ ಕೋಶಗಳ ಮೇಲೂ ಸಿಗ್ನಲ್ ಬರುತ್ತದೆ. ಎಲೈಸಾದಲ್ಲಿ (ಆಂಟಿಬಾಡಿ ಅಂಟಿದರೆ ಬಣ್ಣ ಬರುವ ಪ್ಲೇಟ್ ಪರೀಕ್ಷೆ) ಏನೂ ಲೇಪಿಸದ ವೆಲ್‌ನಲ್ಲೂ, ಅಂದರೆ ಪ್ಲೇಟಿನ ಗುಳಿಯಲ್ಲೂ, ಬಣ್ಣ ಏರುತ್ತದೆ. ಅಂಗಾಂಶದ ಸ್ಲೈಡ್‌ಗಳಲ್ಲಿ ನೋಡಿದ ಕಡೆಯೆಲ್ಲ ತಿಳಿ ಕಂದು. ಇಲಿಗೋ ಮಂಗಕ್ಕೋ ಕೊಟ್ಟರೆ, ವಾರಗಟ್ಟಲೆ ಉಳಿಯಬೇಕಾದ ಔಷಧಿ ಕೆಲವೇ ದಿನಗಳಲ್ಲಿ ರಕ್ತದಿಂದ ಖಾಲಿ.

ಇಂಥ ಹೊತ್ತಲ್ಲಿ ಎಲ್ಲರ ಕೈ ಮೊದಲು ಹೋಗುವುದು ಸೀಕ್ವೆನ್ಸ್ ಕಡೆಗೆ, ಅಂದರೆ ಆಂಟಿಬಾಡಿಯ ಅಮೈನೊ ಆಮ್ಲಗಳ ಸಾಲಿನ ಕಡೆಗೆ. "ಈ ಆರ್ಜಿನಿನ್ ತೆಗೆದು ನೋಡೋಣ" ಅಂತ ಶುರುವಾಗುತ್ತದೆ. ದಯವಿಟ್ಟು ಅದನ್ನು ಕೊನೆಗೆ ಇಟ್ಟುಕೊಳ್ಳಿ. ಬೇಡದ ಕಡೆ ಅಂಟುವುದಕ್ಕೆ ಐದು ಬೇರೆ ಬೇರೆ ಕಾರಣಗಳಿರಬಹುದು. ಸ್ಯಾಂಪಲ್ಲೋ ಅಳತೆಯೋ ಕೆಟ್ಟಿರಬಹುದು. ಆಂಟಿಬಾಡಿಯ ಬಾಲದಲ್ಲಿರುವ ಎಫ್‌ಸಿ ಭಾಗ ಹಿಡಿದಿರಬಹುದು. ಗುರಿ ನಿಜವಾಗಿಯೂ ಅಲ್ಲಿ ಇರಬಹುದು. ಗುರಿಯನ್ನು ಹೋಲುವ ಇನ್ನೊಂದು ಪ್ರೋಟೀನ್ ಇರಬಹುದು. ಇಲ್ಲವೇ ಆಂಟಿಬಾಡಿಯ ಮೈಯೇ ಹಲಸಿನ ಮೇಣದ ಹಾಗೆ ಮುಟ್ಟಿದ್ದಕ್ಕೆಲ್ಲ ಅಂಟುತ್ತಿರಬಹುದು. ಹೊರಗಿನಿಂದ ಐದೂ ಒಂದೇ ಥರ ಕಾಣುತ್ತವೆ. ರಿಪೇರಿ ಮಾತ್ರ ಒಂದರದ್ದು ಇನ್ನೊಂದಕ್ಕೆ ಆಗುವುದಿಲ್ಲ.

ನಾನು ನೋಡಿದ ಮಟ್ಟಿಗೆ ಕೊನೆಯದೇ ಜಾಸ್ತಿ. ಅದು ಸಾಮಾನ್ಯವಾಗಿ ಒಳಗೆ ಬಂದಿರುವುದು ಹಿಡಿತ ಹೆಚ್ಚಿಸುವ ಹಂತದಲ್ಲೇ. ಈ ಕೈಪಿಡಿಯ ಅರ್ಧ ಭಾಗ ಅದರ ಬಗ್ಗೆಯೇ ಇದೆ.

ಮೊದಲು ಸ್ಯಾಂಪಲ್, ಆಮೇಲೆ ಆಂಟಿಬಾಡಿ

ಅಣುಗಳನ್ನು ಗಾತ್ರದ ಪ್ರಕಾರ ಬೇರ್ಪಡಿಸುವ ಸೈಜ್ ಎಕ್ಸ್‌ಕ್ಲೂಷನ್ ಕಾಲಮ್‌ನಲ್ಲಿ ಓಡಿಸಿ, ಅದರಲ್ಲಿ ದೊಡ್ಡವು ಮೊದಲು ಹೊರಬರುತ್ತವೆ. ಒಂಟಿ ಐಜಿಜಿ (ಔಷಧಿಗಳಲ್ಲಿ ಸಾಮಾನ್ಯವಾಗಿ ಬಳಸುವ ಆಂಟಿಬಾಡಿ ಬಗೆ) ಸುಮಾರು 150 ಕಿಲೋಡಾಲ್ಟನ್‌ನ ಜಾಗದಲ್ಲಿ ಒಂದೇ ಚೂಪಾದ ಪೀಕ್ ಆಗಿ ಬರಬೇಕು. ಅದಕ್ಕಿಂತ ಮುಂಚೆ ಗುಡ್ಡೆಯಂಥದ್ದು ಕಂಡರೆ ಅಣುಗಳು ಒಂದಕ್ಕೊಂದು ಅಂಟಿ ಮುದ್ದೆಯಾಗಿವೆ. ಒಂದು ಐಜಿಜಿಗೆ ಎರಡು ಕೈ. ಐದು ಸೇರಿದ ಮುದ್ದೆಗೆ ಹತ್ತು ಕೈ. ಒಂಟಿಯಾಗಿದ್ದಾಗ ಕ್ಷಣದಲ್ಲಿ ಬಿಟ್ಟುಬಿಡುವ ದುರ್ಬಲ ಹಿಡಿತವೂ ಹತ್ತು ಕೈ ಸೇರಿದರೆ ಬಿಡುವುದಿಲ್ಲ. ಹಾಗಾಗಿ ಮುದ್ದೆ ಸ್ವಲ್ಪವೇ ಇದ್ದರೂ ಫಲಿತಾಂಶ ಕೆಡುತ್ತದೆ. ಒಂಟಿ ಅಣುವಿನ ಭಾಗವನ್ನಷ್ಟೇ ಹಿಡಿದುಕೊಂಡು ಅದೇ ದಿನ ಪ್ರಯೋಗ ಮತ್ತೆ ಮಾಡಿ. ಸಿಗ್ನಲ್ ಹೋಯಿತಾ? ಹಾಗಾದರೆ ಹುಡುಕಬೇಕಾದದ್ದು ಬಫರ್‌ನಲ್ಲಿ, ಇಟ್ಟ ರೀತಿಯಲ್ಲಿ, ಶುದ್ಧ ಮಾಡಿದ ಬಗೆಯಲ್ಲಿ.

ಅದೇ ಕಾಲಮ್ ಇನ್ನೊಂದು ಸುಳಿವು ಕೊಡುತ್ತದೆ. ಪೀಕ್ ತಡವಾಗಿ ಬಂದು, ಹಿಂದೆ ಉದ್ದ ಬಾಲ ಎಳೆದರೆ ಅಣು ಚಿಕ್ಕದಾಗಿದೆ ಎಂದುಕೊಳ್ಳಬೇಡಿ. ಅದು ಕಾಲಮ್‌ನ ಮಣಿಗಳಿಗೇ ಅಂಟಿಕೊಂಡು ಬರುತ್ತಿರಬಹುದು. ಬರೆದಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಇನ್ನುಳಿದ ತಪಾಸಣೆಗಳು ಬೇಗ ಮುಗಿಯುತ್ತವೆ. ಸೆಕೆಂಡರಿ ಆಂಟಿಬಾಡಿಯನ್ನು, ಅಂದರೆ ನಿಮ್ಮ ಆಂಟಿಬಾಡಿಯನ್ನು ಹಿಡಿದು ಸಿಗ್ನಲ್ ಕೊಡುವುದನ್ನು, ಮಾತ್ರ ಹಾಕಿ ನೋಡಿ. ಕೋಶಗಳನ್ನು ಒಂದೊಂದಾಗಿ ಅಳೆಯುವ ಫ್ಲೋ ಸೈಟೊಮೆಟ್ರಿಯಲ್ಲಿ ಸತ್ತ ಕೋಶಗಳನ್ನು ಬಣ್ಣ ಹಾಕಿ ಬೇರ್ಪಡಿಸಿ, ಸತ್ತ ಕೋಶಕ್ಕೆ ಏನು ಬೇಕಾದರೂ ಅಂಟುತ್ತದೆ. ಮಾನೊಸೈಟ್, ಎನ್‌ಕೆ ಎಂಬ ರೋಗನಿರೋಧಕ ಕೋಶಗಳಲ್ಲಿ ಎಫ್‌ಸಿ ಹಿಡಿಯುವ ರಿಸೆಪ್ಟರ್‌ಗಳು ಇರುತ್ತವೆ. ಅಲ್ಲಿ ಮಾತ್ರ ಸಿಗ್ನಲ್ ಬಂದರೆ ಎಫ್‌ಸಿ ಇಲ್ಲದ ಫ್ಯಾಬ್ ತುಂಡನ್ನು ಹಾಕಿ ನೋಡಿ. ಇಲ್ಲವೇ 234 ಮತ್ತು 235ನೇ ಜಾಗದ ಲ್ಯೂಸಿನ್‌ಗಳನ್ನು ಅಲನಿನ್ ಮಾಡಿದ ರೂಪ ಬಳಸಿ. ಸಿಗ್ನಲ್ ಬಿದ್ದುಹೋದರೆ ನಿಮ್ಮ ಸಿಡಿಆರ್‌ಗಳ, ಅಂದರೆ ಗುರಿಯನ್ನು ಹಿಡಿಯುವ ಭಾಗಗಳ, ತಪ್ಪಿಲ್ಲ.

ಫೇಜ್ ಡಿಸ್‌ಪ್ಲೇಯಿಂದ (ಬ್ಯಾಕ್ಟೀರಿಯಾಗೆ ತಗಲುವ ವೈರಸ್‌ಗಳ ಮೈಮೇಲೆ ಆಂಟಿಬಾಡಿಗಳನ್ನಿಟ್ಟು ಗುರಿ ಹಿಡಿಯುವವನ್ನು ಆರಿಸುವ ವಿಧಾನ) ಬಂದ ಆಂಟಿಬಾಡಿ ಆದರೆ ಒಂದು ಪ್ರಶ್ನೆ ತಪ್ಪದೆ ಕೇಳಿ: ಆಯ್ಕೆ ಮಾಡುವಾಗ ಗುರಿ ಪ್ರೋಟೀನಿನ ಜೊತೆ ಇನ್ನೇನಿತ್ತು? ಬಯೋಟಿನ್ ಹಚ್ಚಿದ ಪ್ರೋಟೀನನ್ನು, ಬಯೋಟಿನ್ ಹಿಡಿಯುವ ಸ್ಟ್ರೆಪ್ಟಾವಿಡಿನ್ ಪ್ರೋಟೀನಿನ ಮಣಿಯ ಮೇಲೆ ಕೂರಿಸಿದ್ದರೆ, ಗೆದ್ದು ಬಂದವುಗಳಲ್ಲಿ ಕೆಲವು ಸ್ಟ್ರೆಪ್ಟಾವಿಡಿನ್ ಹಿಡಿಯುವಂಥವೇ ಆಗಿರುತ್ತವೆ. ಪ್ರೋಟೀನ್ ಶುದ್ಧ ಮಾಡಲು ಸೇರಿಸಿದ ಹಿಸ್ಟಿಡಿನ್ ಟ್ಯಾಗ್ ಹಿಡಿಯುವವೂ ಬರುತ್ತವೆ. ಬೇರೆ ಟ್ಯಾಗ್ ಇರುವ ಅದೇ ಪ್ರೋಟೀನ್, ಅದೇ ಟ್ಯಾಗ್ ಇರುವ ಬೇರೆ ಪ್ರೋಟೀನ್. ಈ ಎರಡು ವೆಲ್ ಸಾಕು, ವಿಷಯ ಇತ್ಯರ್ಥ.

ತಾಯಿ ಆಂಟಿಬಾಡಿಯನ್ನು ಪಕ್ಕದಲ್ಲಿಡಿ

ನನ್ನ ಪ್ರಕಾರ ಇಡೀ ಹುಡುಕಾಟದಲ್ಲಿ ಅತಿ ಹೆಚ್ಚು ಹೇಳುವ ಪ್ರಯೋಗ ಇದು. ಜನ ಬಿಟ್ಟುಬಿಡುವುದೂ ಇದನ್ನೇ. ಹಿಡಿತ ಹೆಚ್ಚಿಸುವ ಮೊದಲು ಇದ್ದ ಮೂಲ ಆಂಟಿಬಾಡಿ, ನಡುವಿನ ಹಂತಗಳ ಆಂಟಿಬಾಡಿಗಳು, ಈಗಿನದು, ಎಲ್ಲವನ್ನೂ ಒಂದೇ ದಿನ, ಒಂದೇ ಪ್ಲೇಟಿನಲ್ಲಿ ಅಳೆಯಿರಿ. ತೊಂದರೆ ಯಾವ ಹಂತದಲ್ಲಿ ಶುರುವಾಯಿತು ಎಂದು ಗೊತ್ತಾದರೆ, ಆ ಹಂತದಲ್ಲಿ ಬದಲಾದ ಕೆಲವೇ ಅಮೈನೊ ಆಮ್ಲಗಳ ಮೇಲೆ ಗಮನ ಇಟ್ಟರೆ ಸಾಕು.

ಮೊಟಾವಿಝುಮ್ಯಾಬ್ ಇದಕ್ಕೆ ಒಳ್ಳೆಯ ಉದಾಹರಣೆ. ಮಕ್ಕಳ ಶ್ವಾಸಕೋಶಕ್ಕೆ ಬರುವ ಆರ್‌ಎಸ್‌ವಿ ವೈರಸ್ ವಿರುದ್ಧ ಪಾಲಿವಿಝುಮ್ಯಾಬ್ ಎಂಬ ಔಷಧಿ ಆಗಲೇ ಇತ್ತು. ಅದರ ಹಿಡಿತವನ್ನು ಹೆಚ್ಚಿಸಿ ಹೊಸ ರೂಪಗಳನ್ನು ಮಾಡಿದರು. ಟ್ಯೂಬಿನಲ್ಲಿ ವೈರಸ್ ತಡೆಯುವ ಶಕ್ತಿ ಬಹಳ ಏರಿತು. ಪ್ರಾಣಿಗಳಲ್ಲಿ ಆ ಲಾಭ ಕಾಣಲಿಲ್ಲ, ಯಾಕೆಂದರೆ ಔಷಧಿ ರಕ್ತದಲ್ಲೂ ಉಳಿಯುತ್ತಿರಲಿಲ್ಲ, ಶ್ವಾಸಕೋಶಕ್ಕೂ ಸರಿಯಾಗಿ ತಲುಪುತ್ತಿರಲಿಲ್ಲ. ದಾರಿಯಲ್ಲಿ ಸಿಕ್ಕ ಅಂಗಾಂಶಗಳಿಗೆಲ್ಲ ಅಂಟಿಕೊಳ್ಳುತ್ತಿತ್ತು. ಹುಡುಕಿದಾಗ ಸಿಕ್ಕಿದ್ದು ಮೂರೇ ಮೂರು ಅಮೈನೊ ಆಮ್ಲ, ಮೂರೂ ಹಿಡಿತ ಹೆಚ್ಚಿಸುವಾಗ ಬಂದವು. ಅವನ್ನು ಪಾಲಿವಿಝುಮ್ಯಾಬ್‌ನಲ್ಲಿ ಇದ್ದ ಹಾಗೆ ಹಿಂದಕ್ಕೆ ತಿರುಗಿಸಿದರು. ಹಾಗೆ ಬಂದದ್ದೇ ಮೊಟಾವಿಝುಮ್ಯಾಬ್. ಇದು 2007ರಲ್ಲಿ ಪ್ರಕಟವಾದ ಕೆಲಸ. ಔಷಧಿಗೆ ಅಮೆರಿಕದಲ್ಲಿ ಅನುಮತಿ ಸಿಗಲಿಲ್ಲ, ಆದರೆ ಅಂಟುವ ದೋಷವನ್ನು ಹುಡುಕಿದ ರೀತಿ ಇಂದಿಗೂ ಮಾದರಿ.

ಹೀಗೆ ಯಾಕಾಗುತ್ತದೆ ಎಂಬುದಕ್ಕೆ ಕಾರಣ ಇದೆ. ನಮ್ಮ ದೇಹದಲ್ಲಿ ಅಂಟಂಟು ಆಂಟಿಬಾಡಿಗಳನ್ನು ಸೋಸುವ ವ್ಯವಸ್ಥೆ ಇದೆ. ನ್ಯೂಯಾರ್ಕ್‌ನ ರಾಕೆಫೆಲರ್ ವಿಶ್ವವಿದ್ಯಾಲಯದ ತಂಡ 2003ರಲ್ಲಿ ತೋರಿಸಿದ ಪ್ರಕಾರ, ಎಲುಬಿನ ಮಜ್ಜೆಯಲ್ಲಿ ಆಗಷ್ಟೇ ಹುಟ್ಟಿದ ಬಿ ಕೋಶಗಳ ಆಂಟಿಬಾಡಿಗಳಲ್ಲಿ ಶೇ 55ರಿಂದ 75ರಷ್ಟು ನಮ್ಮದೇ ದೇಹದ ಅಣುಗಳನ್ನು ಹಿಡಿಯುತ್ತವೆ. ಬೆಳೆಯುತ್ತಾ ಹೋದಂತೆ ಅಂಥವುಗಳಲ್ಲಿ ಬಹಳಷ್ಟನ್ನು ದೇಹ ತೆಗೆದುಹಾಕುತ್ತದೆ. ಫೇಜ್ ಅಥವಾ ಯೀಸ್ಟ್ ಮೇಲೆ ನಾವು ಆಯ್ಕೆ ಮಾಡುವಾಗ ಆ ಜರಡಿ ಇರುವುದಿಲ್ಲ. "ಗುರಿಯನ್ನು ಗಟ್ಟಿಯಾಗಿ ಹಿಡಿ" ಎಂಬ ಒಂದೇ ಷರತ್ತು ಹಾಕುತ್ತೇವೆ. ಟ್ರಿಪ್ಟೊಫ್ಯಾನ್, ಆರ್ಜಿನಿನ್‌ನಂಥ ಅಮೈನೊ ಆಮ್ಲಗಳು ಆ ಷರತ್ತನ್ನು ಸುಲಭವಾಗಿ ಪೂರೈಸುತ್ತವೆ. ಆದರೆ ಅವು ಗುರಿಗೆ ಮಾತ್ರ ಅಲ್ಲ, ಎಲ್ಲದಕ್ಕೂ ಅಂಟುತ್ತವೆ.

ಒಂದು ಪ್ಲೇಟು, ನಿಜವಾದ ಸಾಂದ್ರತೆಯಲ್ಲಿ

ಅಂಟುಗುಣ ಇದೆಯೋ ಇಲ್ಲವೋ ಎಂದು ನೋಡಲು ಒಂದು ಎಲೈಸಾ ಪ್ಲೇಟ್ ಸಾಕು. ಅಡ್ಡ ಸಾಲಿನಲ್ಲಿ ಗುರಿ ಪ್ರೋಟೀನ್, ಇನ್ಸುಲಿನ್, ಡಿಎನ್‌ಎ, ಅಲ್ಬುಮಿನ್, ಬ್ಯಾಕುಲೊವೈರಸ್ ಕಣಗಳು, ಕೊನೆಗೆ ಏನೂ ಲೇಪಿಸದ ವೆಲ್. ಕಂಬಸಾಲಿನಲ್ಲಿ ನಿಮ್ಮ ಆಂಟಿಬಾಡಿ, ತಾಯಿ ಆಂಟಿಬಾಡಿ, ಅದೇ ಐಸೊಟೈಪ್‌ನ (ಅದೇ ಬಗೆಯ ಬಾಲವಿರುವ) ಸಂಬಂಧವಿಲ್ಲದ ಆಂಟಿಬಾಡಿ, ಅಂಟಂಟು ಎಂದು ಮೊದಲೇ ಗೊತ್ತಿರುವ ಒಂದು. ಕೊನೆಯದು ಇಲ್ಲದಿದ್ದರೆ ಪ್ಲೇಟ್ ಓದಲು ಆಗುವುದಿಲ್ಲ. ಎಲ್ಲ ವೆಲ್ ಖಾಲಿ ಬಂದಾಗ ಆಂಟಿಬಾಡಿ ಒಳ್ಳೆಯದೋ, ಪ್ರಯೋಗವೇ ಕೆಲಸ ಮಾಡಲಿಲ್ಲವೋ ಎಂದು ಹೇಳುವುದು ಹೇಗೆ?

ಈಗ ಸಾಂದ್ರತೆ. ರೂಢಿಯಲ್ಲಿ ಎಲೈಸಾಗೆ ಮಿಲಿಲೀಟರಿಗೆ 1 ಮೈಕ್ರೊಗ್ರಾಂ ಹಾಕುತ್ತೇವೆ. ರೋಗಿಗೆ ಕೆಜಿಗೆ 10 ಮಿಲಿಗ್ರಾಂ ಡೋಸ್ ಕೊಟ್ಟರೆ ರಕ್ತದ ಪ್ಲಾಸ್ಮಾದಲ್ಲಿ ಮಿಲಿಲೀಟರಿಗೆ 200 ಮೈಕ್ರೊಗ್ರಾಂ ದಾಟುತ್ತದೆ. ಕೆಜಿ ತೂಕಕ್ಕೆ ಸುಮಾರು 40 ಮಿಲಿಲೀಟರ್ ಪ್ಲಾಸ್ಮಾ ಎಂದು ಲೆಕ್ಕ ಹಾಕಿ, ನಿಮಗೇ ಗೊತ್ತಾಗುತ್ತದೆ. ಅಂಟುಗುಣದ ಹಿಡಿತ ದುರ್ಬಲ, ಮೈಕ್ರೊಮೋಲಾರ್ ಮಟ್ಟದ್ದು. 1 ಮೈಕ್ರೊಗ್ರಾಂನಲ್ಲಿ ಅದು ಕಣ್ಣಿಗೆ ಬೀಳುವುದೇ ಇಲ್ಲ. ಕನಿಷ್ಠ 150 ಮೈಕ್ರೊಗ್ರಾಂವರೆಗೆ, ಅಂದರೆ 1 ಮೈಕ್ರೊಮೋಲಾರ್‌ವರೆಗೆ ಹೋಗಿ. "ಎಲೈಸಾದಲ್ಲಿ ಕ್ಲೀನ್ ಇತ್ತು" ಎನ್ನುವ ಎಷ್ಟೋ ಆಂಟಿಬಾಡಿಗಳು ಅಲ್ಲಿ ಬಣ್ಣ ಬಿಡುತ್ತವೆ.

ಬ್ಯಾಕುಲೊವೈರಸ್ ಕಣ ಯಾಕೆ ಎಂದರೆ, ಅದರ ಮೈ ಮೇಲೆ ಕೊಬ್ಬಿನ ಪೊರೆ, ಸಕ್ಕರೆ ಹಚ್ಚಿದ ಪ್ರೋಟೀನ್, ಎಲ್ಲ ಬೆರೆತಿರುತ್ತದೆ. ಜೀವಕೋಶದ ಮೇಲ್ಮೈಗೆ ಅಗ್ಗದ ಬದಲಿ. ಔಷಧಿ ಕಂಪನಿ ಜೆನೆನ್‌ಟೆಕ್‌ನ ತಂಡ 2012ರಲ್ಲಿ ಇದನ್ನು ಬಳಸಿ, ಈ ಕಣಗಳಿಗೆ ಜಾಸ್ತಿ ಅಂಟುವ ಆಂಟಿಬಾಡಿಗಳು ಮಂಗಗಳ ರಕ್ತದಿಂದ ಬೇಗ ಖಾಲಿಯಾಗುವ ಸಾಧ್ಯತೆ ಜಾಸ್ತಿ ಎಂದು ತೋರಿಸಿತು. ಆಂಟಿಬಾಡಿ ಕಂಪನಿ ಅಡಿಮ್ಯಾಬ್‌ನ ತಂಡ ಇದೇ ಕೆಲಸಕ್ಕೆ ಸಿಎಚ್‌ಒ (ಹ್ಯಾಮ್‌ಸ್ಟರ್ ಅಂಡಾಶಯದ) ಕೋಶಗಳ ಪೊರೆಯ ಪ್ರೋಟೀನ್‌ಗಳನ್ನು ಬಳಸುತ್ತದೆ. 2017ರಲ್ಲಿ ಅವರು 137 ಆಂಟಿಬಾಡಿಗಳನ್ನು ಹನ್ನೆರಡು ಬಗೆಯ ಪರೀಕ್ಷೆಗೆ ಒಡ್ಡಿದರು. ಎಲ್ಲವೂ ಅನುಮತಿ ಪಡೆದವು ಅಥವಾ ಮನುಷ್ಯರ ಮೇಲಿನ ಪ್ರಯೋಗದಲ್ಲಿ ಮುಂದಿನ ಹಂತ ತಲುಪಿದವು. ಅನುಮತಿ ಪಡೆದವುಗಳಲ್ಲಿ ಕೆಂಪು ಗುರುತುಗಳು, ಅಂದರೆ ಪರೀಕ್ಷೆಯಲ್ಲಿ ಕೆಟ್ಟದಾಗಿ ಬಂದ ಫಲಿತಾಂಶಗಳು, ಕಡಿಮೆ ಇದ್ದವು.

ಪ್ಲೇಟಿನಲ್ಲಿ ಬಣ್ಣ ಬಂತು ಅಂದುಕೊಳ್ಳಿ. ಮುಂದಿನ ಹೆಜ್ಜೆ ಉಪ್ಪು. ಬಫರ್‌ನಲ್ಲಿ ಸೋಡಿಯಂ ಕ್ಲೋರೈಡನ್ನು 150ರಿಂದ 500 ಮಿಲಿಮೋಲಾರ್‌ಗೆ ಏರಿಸಿ. ಬೇಡದ ಸಿಗ್ನಲ್ ಇಳಿದು, ಗುರಿಯ ಸಿಗ್ನಲ್ ಹೆಚ್ಚು ಕಡಿಮೆ ಹಾಗೇ ಉಳಿದರೆ ತೊಂದರೆ ವಿದ್ಯುದಾವೇಶದ್ದು, ಸಾಮಾನ್ಯವಾಗಿ ಧನ ಆವೇಶದ್ದು. ಡಿಎನ್‌ಎ ಮತ್ತು ಹೆಪಾರಿನ್‌ಗೆ ಅಂಟುವುದೂ ಅದನ್ನೇ ಹೇಳುತ್ತದೆ, ಅವೆರಡೂ ಋಣ ಆವೇಶದವು. ಉಪ್ಪು ಹಾಕಿದರೂ ಸಿಗ್ನಲ್ ಕದಲದಿದ್ದರೆ, ಅಥವಾ ಏರಿದರೆ, ನೀರಿಗೆ ಒಗ್ಗದ ತೇಪೆ ಎಲ್ಲೋ ಹೊರಗೆ ಚಾಚಿಕೊಂಡಿದೆ. ಆಗ ಆ ಕಾಲಮ್‌ನಲ್ಲಿ ತಡವಾಗಿ ಬಂದ, ಬಾಲ ಎಳೆದ ಪೀಕ್ ನೆನಪಿಸಿಕೊಳ್ಳಿ. ಎರಡೂ ಸೇರಿದರೆ ಅನುಮಾನ ಗಟ್ಟಿಯಾಗುತ್ತದೆ.

ಗುರಿ ನಿಜವಾಗಿಯೂ ಅಲ್ಲೇ ಇದ್ದರೆ

ಜೀನ್ ಕತ್ತರಿಸುವ ಕ್ರಿಸ್ಪರ್ ವಿಧಾನದಿಂದ ಗುರಿಯ ಜೀನ್ ತೆಗೆದ ಕೋಶಗಳನ್ನು ಪಕ್ಕದಲ್ಲಿಟ್ಟು ನೋಡಿ. ಸಿಗ್ನಲ್ ಪೂರ್ತಿ ಹೋದರೆ ನಿಮ್ಮ ಆಂಟಿಬಾಡಿ ಸರಿಯಾಗಿಯೇ ಇದೆ. ಗುರಿ ಆರೋಗ್ಯವಂತ ಅಂಗಾಂಶದಲ್ಲೂ ಇದೆ, ಅಷ್ಟೇ. ಇಲ್ಲಿ ನಿರ್ದಿಷ್ಟತೆ ಹೆಚ್ಚಿಸುವ ಕೆಲಸದಿಂದ ಪ್ರಯೋಜನ ಇಲ್ಲ. ಹಿಡಿತ ಕಡಿಮೆ ಮಾಡುವುದು ಒಂದು ದಾರಿ.

ನಿಮೊಟುಝುಮ್ಯಾಬ್ ಕಥೆ ಇದಕ್ಕೆ ಹೊಂದುತ್ತದೆ. ಕ್ಯೂಬಾದ ಹವಾನಾದಲ್ಲಿ ಹುಟ್ಟಿದ ಈ ಆಂಟಿಬಾಡಿಯನ್ನು ಬೆಂಗಳೂರಿನ ಬಯೋಕಾನ್ 2006ರಲ್ಲಿ ತಲೆ-ಕತ್ತಿನ ಕ್ಯಾನ್ಸರ್‌ಗಾಗಿ ಭಾರತದಲ್ಲಿ ಬಿಡುಗಡೆ ಮಾಡಿತು. ಇದರ ಗುರಿ ಇಜಿಎಫ್‌ಆರ್ ಎಂಬ, ಕೋಶಕ್ಕೆ ಬೆಳೆಯುವ ಸೂಚನೆ ಕೊಡುವ ರಿಸೆಪ್ಟರ್, ಚರ್ಮದ ಕೋಶಗಳಲ್ಲೂ ಇರುವಂಥದ್ದು. ಅದೇ ಗುರಿಯ ಸೆಟುಕ್ಸಿಮ್ಯಾಬ್ ಕೊಟ್ಟಾಗ ಹೆಚ್ಚಿನ ರೋಗಿಗಳಿಗೆ ಮೈಮೇಲೆ ಮೊಡವೆಯಂಥ ಗುಳ್ಳೆ ಏಳುತ್ತವೆ. ನಿಮೊಟುಝುಮ್ಯಾಬ್‌ನಲ್ಲಿ ಅದು ಬಹಳ ಕಡಿಮೆ. ಸಂಶೋಧಕರು ಕೊಟ್ಟ ವಿವರಣೆ ಹೀಗಿದೆ: ಇದರ ಒಂದು ಕೈಯ ಹಿಡಿತ ಮಧ್ಯಮ. ಗಟ್ಟಿಯಾಗಿ ಕೂರಬೇಕಾದರೆ ಎರಡೂ ಕೈ ಒಟ್ಟಿಗೆ ಸಿಗಬೇಕು. ಇಜಿಎಫ್‌ಆರ್ ಒತ್ತೊತ್ತಾಗಿರುವ ಗೆಡ್ಡೆಯ ಕೋಶದಲ್ಲಿ ಅದು ಸಾಧ್ಯ, ವಿರಳವಾಗಿರುವ ಚರ್ಮದ ಕೋಶದಲ್ಲಿ ಕಷ್ಟ. ಪಿಕೊಮೋಲಾರ್ ಹಿಡಿತದ ಹಿಂದೆ ಓಡುವವರು ಇದನ್ನು ಒಮ್ಮೆ ಯೋಚಿಸಬೇಕು.

ಹೋಲುವ ಪ್ರೋಟೀನ್ ಸಿಕ್ಕಿದರೆ

ಇದು ಅಪರೂಪ, ಆದರೆ ಅಪಾಯ ಎಲ್ಲಕ್ಕಿಂತ ಜಾಸ್ತಿ. ಪ್ಲೇಟ್ ಪೂರ್ತಿ ಕ್ಲೀನ್ ಇರುತ್ತದೆ, ಗುರಿಯ ಜೀನ್ ತೆಗೆದರೂ ಒಂದೇ ಒಂದು ಬಗೆಯ ಕೋಶದಲ್ಲಿ ಸಿಗ್ನಲ್ ಉಳಿಯುತ್ತದೆ. ಅಂದರೆ ಅಂಟುಗುಣ ಅಲ್ಲ, ಇನ್ನೊಂದು ನಿಜವಾದ ಗುರಿ ಇದೆ.

ಇದರ ಕಠೋರ ಉದಾಹರಣೆ ಆಂಟಿಬಾಡಿಯದ್ದಲ್ಲ, ಅದರ ಸೋದರ ಅಣುವಾದ ಟಿ ಕೋಶದ ರಿಸೆಪ್ಟರ್‌ನದ್ದು. ಕ್ಯಾನ್ಸರ್ ಕೋಶಗಳ ಮೇಜ್-ಎ3 ಪ್ರೋಟೀನಿನ ಒಂಬತ್ತು ಅಮೈನೊ ಆಮ್ಲದ ತುಂಡನ್ನು ಗುರುತಿಸಲು ಆ ರಿಸೆಪ್ಟರ್‌ನ ಹಿಡಿತವನ್ನು ಹೆಚ್ಚಿಸಿದ್ದರು. ಚಿಕಿತ್ಸೆ ಪಡೆದ ಇಬ್ಬರು ಹೃದಯಕ್ಕೆ ಹಾನಿಯಾಗಿ ತೀರಿಕೊಂಡರು. 2013ರಲ್ಲಿ ಕಾರಣ ಪ್ರಕಟವಾಯಿತು. ಹೃದಯದ ಸ್ನಾಯುವಿನ ಟೈಟಿನ್ ಎಂಬ ಪ್ರೋಟೀನಿನಲ್ಲಿ ಅದನ್ನು ಹೋಲುವ ತುಂಡು ಇತ್ತು. ಒಂಬತ್ತರಲ್ಲಿ ಐದು ಜಾಗ ಮಾತ್ರ ಒಂದೇ: 1, 3, 4, 5 ಮತ್ತು 9. ಸಾಮಾನ್ಯವಾಗಿ ಬೆಳೆಸಿದ ಹೃದಯದ ಕೋಶಗಳಲ್ಲಿ ಪರೀಕ್ಷೆ ಮಾಡಿದಾಗ ಏನೂ ಕಂಡಿರಲಿಲ್ಲ. ಕಾಂಡಕೋಶದಿಂದ ಬೆಳೆಸಿದ, ಮಿಡಿಯುವ ಹೃದಯ ಕೋಶಗಳಲ್ಲಿ ಮಾತ್ರ ತೊಂದರೆ ಹೊರಬಂತು.

ಹುಡುಕುವ ಬಗೆ ಇಲ್ಲಿಂದಲೇ ಕಲಿಯಬೇಕು. ಗುರಿ ತುಂಡಿನ ಒಂದೊಂದೇ ಜಾಗವನ್ನು ಅಲನಿನ್‌ಗೆ ಬದಲಿಸಿ, ಯಾವ ಜಾಗ ಬದಲಾದರೆ ಹಿಡಿತ ಹೋಗುತ್ತದೆ ನೋಡಿ. ಹಿಡಿತ ನಾಲ್ಕೈದು ಜಾಗದ ಮೇಲೆ ಮಾತ್ರ ನಿಂತಿದ್ದರೆ ಆ ನಮೂನೆಯನ್ನು ಮನುಷ್ಯನ ಎಲ್ಲ ಪ್ರೋಟೀನ್‌ಗಳಲ್ಲಿ ಹುಡುಕಿ. ಸಿಕ್ಕಿದ ಒಂದೊಂದನ್ನೂ ಪರೀಕ್ಷಿಸಿ, ಅದು ಸಹಜವಾಗಿ ಇರುವ ಕೋಶದಲ್ಲಿಯೇ. ರಿಪೇರಿಗೆ ಹೋಲುವ ಪ್ರೋಟೀನನ್ನೇ ಬಳಸಿ: ಆಯ್ಕೆಯ ಪ್ರತಿ ಸುತ್ತಿನಲ್ಲೂ ಮೊದಲು ಅದಕ್ಕೆ ಅಂಟುವವುಗಳನ್ನು ತೆಗೆದುಹಾಕಿ, ಉಳಿದವನ್ನು ಗುರಿಗೆ ಒಡ್ಡಿ.

ರಕ್ತದಿಂದ ಬೇಗ ಖಾಲಿಯಾದರೆ ಗ್ರಾಫ್ ಓದಿ

ಬೇಗ ಖಾಲಿಯಾದದ್ದೆಲ್ಲ ಅಂಟುಗುಣದಿಂದ ಅಲ್ಲ. ಡೋಸ್ ಏರಿಸಿದಾಗ ಖಾಲಿಯಾಗುವ ವೇಗ ಕಡಿಮೆಯಾದರೆ, ಗುರಿಯೇ ಔಷಧಿಯನ್ನು ನುಂಗುತ್ತಿದೆ. ಜಾಸ್ತಿ ಡೋಸ್‌ನಲ್ಲಿ ಗುರಿ ತುಂಬಿಹೋಗುತ್ತದೆ. ಮೊದಲ ವಾರ ಚೆನ್ನಾಗಿದ್ದು ಆಮೇಲೆ ಕೆಲವು ಪ್ರಾಣಿಗಳಲ್ಲಿ ಮಾತ್ರ ಗೆರೆ ಥಟ್ಟನೆ ಕುಸಿದರೆ, ಔಷಧಿಯ ವಿರುದ್ಧವೇ ಆಂಟಿಬಾಡಿ ಹುಟ್ಟಿದೆ. ಎಲ್ಲ ಡೋಸ್‌ನಲ್ಲೂ, ಎಲ್ಲ ಪ್ರಾಣಿಗಳಲ್ಲೂ, ಮೊದಲ ದಿನದಿಂದಲೇ ಗೆರೆ ಕಡಿದಾಗಿ ಇಳಿದರೆ ಅಂಟುಗುಣವನ್ನು ಹಿಡಿಯಿರಿ.

ಬ್ರಿಯಾಕಿನುಮ್ಯಾಬ್ ಮತ್ತು ಉಸ್ಟೆಕಿನುಮ್ಯಾಬ್ ಎಂಬ ಎರಡು ಆಂಟಿಬಾಡಿಗಳಿಗೂ ಗುರಿ ಒಂದೇ, ಉರಿಯೂತದ ಸಂದೇಶ ಒಯ್ಯುವ ಪ್ರೋಟೀನ್‌ಗಳಾದ ಐಎಲ್-12 ಮತ್ತು ಐಎಲ್-23ರ ಪಿ40 ಭಾಗ. ಎಫ್‌ಸಿ ಭಾಗವೂ ಹೆಚ್ಚು ಕಡಿಮೆ ಒಂದೇ. ಆದರೂ ಮನುಷ್ಯರಲ್ಲಿ ಮೊದಲನೆಯದರ ಅರ್ಧಾಯುಷ್ಯ 8-9 ದಿನ, ಎರಡನೆಯದರದು ಸುಮಾರು 22 ದಿನ. ಬ್ರಿಯಾಕಿನುಮ್ಯಾಬ್‌ನ ತುದಿಯಲ್ಲಿ ದೊಡ್ಡ ಧನ ಆವೇಶದ ತೇಪೆ ಇದೆ. ಆಂಟಿಬಾಡಿಗಳನ್ನು ಕೋಶದೊಳಗಿಂದ ರಕ್ತಕ್ಕೆ ವಾಪಸ್ ಕಳಿಸುವ ರಿಸೆಪ್ಟರ್ ಎಫ್‌ಸಿಆರ್‌ಎನ್. ಆ ತೇಪೆಯಿಂದಾಗಿ ಅದರಿಂದ ಬಿಡಿಸಿಕೊಳ್ಳುವುದು ಕಷ್ಟವಾಗುತ್ತದೆ ಎಂದು 2015ರಲ್ಲಿ ತೋರಿಸಿದರು. ಉಪ್ಪಿನ ಪರೀಕ್ಷೆಯಲ್ಲಿ ಆವೇಶದ ದೋಷ ಕಂಡರೆ ಎಫ್‌ಸಿಆರ್‌ಎನ್ ಕಾಲಮ್‌ನಲ್ಲಿ ಓಡಿಸುವುದನ್ನು ಮರೆಯಬೇಡಿ.

ರಿಪೇರಿ: ಮೆಡಿ-1912 ಹತ್ತಿರದಿಂದ

ನರ ಬೆಳವಣಿಗೆಯ ಅಂಶವಾದ ಎನ್‌ಜಿಎಫ್ ವಿರುದ್ಧ ಮಾಡಿದ ಆಂಟಿಬಾಡಿ ಇದು. ಹಿಡಿತ ಪಿಕೊಮೋಲಾರ್. ಆದರೆ ಅಣುಗಳು ತಮ್ಮತಮ್ಮಲ್ಲೇ ಅಂಟಿಕೊಳ್ಳುತ್ತಿದ್ದವು, ಮತ್ತೆ ಬಿಡುತ್ತಿದ್ದವು. ಇಲಿಯಲ್ಲೂ ಮಂಗದಲ್ಲೂ ರಕ್ತದಲ್ಲಿ ಸರಿಯಾಗಿ ಉಳಿಯುತ್ತಿರಲಿಲ್ಲ. ತಂಡ ಊಹೆಯ ಮೇಲೆ ಬದಲಾಯಿಸಲು ಹೋಗಲಿಲ್ಲ. ಹೈಡ್ರೋಜನ್-ಡ್ಯುಟೀರಿಯಂ ವಿನಿಮಯ ಮತ್ತು ಕ್ರಾಸ್‌ಲಿಂಕ್ ಮಾಡಿ ಮಾಸ್ ಸ್ಪೆಕ್ಟ್ರೋಮೀಟರ್‌ನಲ್ಲಿ ನೋಡಿದರು. ಅಣುಗಳು ಅಂಟಿಕೊಂಡಾಗ ನೀರಿನಿಂದ ಮರೆಯಾಗುವ ಜಾಗ ಯಾವುದು ಎಂದು ಇದರಿಂದ ಗೊತ್ತಾಗುತ್ತದೆ.

ಸಿಕ್ಕಿದ್ದು ಹೆವಿ ಚೈನ್‌ನ (ಆಂಟಿಬಾಡಿಯ ಉದ್ದ ಸರಪಳಿಯ) ಮೂರು ಅಮೈನೊ ಆಮ್ಲ: 30ರಲ್ಲಿ ಟ್ರಿಪ್ಟೊಫ್ಯಾನ್, 31ರಲ್ಲಿ ಫಿನೈಲ್ಅಲನಿನ್, 56ರಲ್ಲಿ ಲ್ಯೂಸಿನ್. ಮೂರೂ ನೀರಿಗೆ ಒಗ್ಗದವು, ಮೂರೂ ಹೊರಮೈಯಲ್ಲಿ. ಅವನ್ನು ಸೆರಿನ್, ಥ್ರಿಯೊನಿನ್, ಥ್ರಿಯೊನಿನ್ ಮಾಡಿದರು. ಎನ್‌ಜಿಎಫ್ ಮೇಲಿನ ಗಟ್ಟಿ ಹಿಡಿತ ಉಳಿಯಿತು, ಪರಸ್ಪರ ಅಂಟುವುದು ತಗ್ಗಿತು, ರಕ್ತದಲ್ಲಿ ಉಳಿಯುವ ಕಾಲ ಹೆಚ್ಚಿತು. ಅಂಗಾಂಶದ ಸ್ಲೈಡ್‌ಗಳಲ್ಲೂ ಬೇಡದ ಕಲೆ ಇಳಿದಿತ್ತು. 2016ರ ಈ ಕೆಲಸದಲ್ಲಿ ನನಗೆ ಮುಖ್ಯ ಅನ್ನಿಸುವುದು ಒಂದೇ: ಗುರಿಯನ್ನು ಹಿಡಿಯುವ ಅಮೈನೊ ಆಮ್ಲ ಬೇರೆ, ಅಂಟುಗುಣ ತರುವುದು ಬೇರೆ ಇರಬಹುದು. ಎರಡನ್ನೂ ಬಿಡಿಸಿ ನೋಡಿದರೆ ಒಂದಕ್ಕಾಗಿ ಇನ್ನೊಂದನ್ನು ಬಿಟ್ಟುಕೊಡಬೇಕಿಲ್ಲ.

ಎಲ್ಲ ಸಲವೂ ಇಷ್ಟು ಸಲೀಸಾಗಿ ಬಿಡಿಸಲು ಬರುವುದಿಲ್ಲ. ಅಂಟಿಸುವ ಅಮೈನೊ ಆಮ್ಲವೇ ಗುರಿಯನ್ನೂ ಹಿಡಿಯುತ್ತಿದ್ದರೆ, ಯೀಸ್ಟ್ ಮೇಲೆ ಹೊಸ ಲೈಬ್ರರಿ (ಬದಲಾದ ರೂಪಗಳ ಸಂಗ್ರಹ) ಮಾಡಿ ಎರಡು ಷರತ್ತು ಒಟ್ಟಿಗೆ ಹಾಕಿ: ಗುರಿಗೆ ಅಂಟಬೇಕು, ಪೊರೆಯ ಪ್ರೋಟೀನ್ ಮಿಶ್ರಣಕ್ಕೆ ಅಂಟಬಾರದು. 2022ರಲ್ಲಿ ಎಮಿಬೆಟುಝುಮ್ಯಾಬ್ ಎಂಬ ಆಂಟಿಬಾಡಿಯ ಮೇಲೆ ಹೀಗೇ ವಿಂಗಡಿಸಿ, ಆ ದತ್ತಾಂಶದಿಂದ ಕಂಪ್ಯೂಟರ್ ಮಾದರಿ ಕಲಿಸಿ, ಹಿಡಿತ ಮತ್ತು ನಿರ್ದಿಷ್ಟತೆ ಎರಡೂ ಸುಧಾರಿಸಿದ ರೂಪಗಳನ್ನು ಹುಡುಕಿದರು.

ಸುಮ್ನೆ ಋಣ ಆವೇಶದ ಆಸ್ಪಾರ್ಟೇಟ್ ತುಂಬುತ್ತಾ ಹೋಗಬೇಡಿ. ಧನ ಆವೇಶ ಹೋಗುತ್ತದೆ, ನಿಜ. ಆದರೆ ಆಸ್ಪಾರ್ಟೇಟ್ ಪಕ್ಕ ಗ್ಲೈಸಿನ್ ಬಂದರೆ ಅದು ಐಸೊಆಸ್ಪಾರ್ಟೇಟ್ ಆಗಿ ಬದಲಾಗುವ ಹೊಸ ತಲೆನೋವು. ಒಂದು ಸಲಕ್ಕೆ ಒಂದು ಬದಲಾವಣೆ ಮಾಡಿ, ಪ್ರತಿಯೊಂದನ್ನೂ ಅದೇ ಪ್ಲೇಟಿಗೆ, ಅದೇ 150 ಮೈಕ್ರೊಗ್ರಾಂಗೆ ತನ್ನಿ. ಗೆದ್ದ ರೂಪವನ್ನು ಸಾವಿರಾರು ಮಾನವ ಪೊರೆ ಪ್ರೋಟೀನ್‌ಗಳಿರುವ ಕೋಶ ಅರೇ ಮೇಲೆ ಓಡಿಸಿ. ಆಮೇಲೆ ಮೂವರು ಬೇರೆ ಬೇರೆ ದಾನಿಗಳ ಅಂಗಾಂಶದ ಸ್ಲೈಡ್‌ಗಳಲ್ಲಿ ತಾಯಿ ಆಂಟಿಬಾಡಿಯ ಜೊತೆಗೇ ಇಟ್ಟು ಮತ್ತೆ ನೋಡಿ, ಹೃದಯ ಮತ್ತು ಮೆದುಳಿನ ಸ್ಲೈಡ್‌ಗಳನ್ನು ಮೊದಲು.